ಕುಲೀನರ ಕಿರ್ದಿ ಪುಸ್ತಕ



ಮೇಲ್ವರ್ಗದ ಪತನವನ್ನು ವಿಡಂಬಿಸಿದ ಕಥನಗಳ ಬಗ್ಗೆ ಮಾತನಾಡಬೇಕೆಂದು ಹೊರಟಾಗ ಹಲವು ದೇಶಗಳು ಕಣ್ಣಮುಂದೆ ಬಂದವು. ಅವಧದ ಕೊನೆಯ ದಿನಗಳನ್ನು ಇಬ್ಬರು ಚದುರಂಗದಾಟಗಾರರ ಮೂಲಕ ಕಾಣಿಸಿದ ಪ್ರೇಮಚಂದರಿದ್ದರು. ಇಂಗ್ಲೆಂಡಿನ ಹಳ್ಳಿಮಹಲುಗಳ ಬಗ್ಗೆ ಬರೆದ ಈವ್ಲಿನ್ ವಾ ಇದ್ದ. ಆದರೂ ನಾನು ಹತ್ತೊಂಬತ್ತನೆಯ ಶತಮಾನದ ರಷ್ಯಾದ ಮುಂದೆಯೇ ನಿಂತೆ. ಬೇರೆ ಕಡೆಯ ಲೇಖಕರು ಕುಲೀನರ ಕೂಟಗಳನ್ನು, ಮದುವೆಗಳನ್ನು, ಉಡುಗೆ ತೊಡುಗೆಯನ್ನು, ಮಾತಿನ ವರಸೆಯನ್ನು ನೋಡಿದರು. ರಷ್ಯನ್ ವಿಡಂಬನಕಾರರು ಇವೆಲ್ಲದರ ಜೊತೆಗೆ ಅವರ ಲೆಕ್ಕದ ಪುಸ್ತಕವನ್ನೂ ತೆರೆದರು. ಎಷ್ಟು ಜನ, ಎಷ್ಟು ರೂಬಲ್, ಎಷ್ಟು ಅಡಮಾನ, ಕಣಜದಲ್ಲಿ ಕೊಳೆತದ್ದೆಷ್ಟು ಎಂದು ಕೇಳಿದರು. ಮನುಷ್ಯರನ್ನು ಎಣಿಸಿ ಬದುಕಿದ ವರ್ಗವೊಂದು ಕೊನೆಗೆ ಇಲ್ಲದ್ದನ್ನು ಎಣಿಸುತ್ತ ಕೂತ ಕಥೆಯನ್ನು ಅವರಷ್ಟು ನಿಖರವಾಗಿ ಬರೆದವರು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಗೊಗೋಲನ ‘ಮೃತ ಆತ್ಮಗಳು’ ಬಂದದ್ದು 1842ರಲ್ಲಿ, ಸಾಲ್ತಿಕೋವ್-ಷೆದ್ರಿನ್‌ನ ‘ಗೊಲೊವ್ಲ್ಯೋವ್ ಕುಟುಂಬ’ ಪುಸ್ತಕವಾದದ್ದು 1880ರಲ್ಲಿ. ಈ ಎರಡು ದಡಗಳ ನಡುವೆಯೇ ನನ್ನ ಇಂದಿನ ಮಾತು.

ಮೊದಲು ಆ ಕಾಲದ ವ್ಯವಸ್ಥೆಯ ಬಗ್ಗೆ ಸ್ವಲ್ಪ ಹೇಳಬೇಕು. ರಷ್ಯಾದ ಜಮೀನ್ದಾರನ ಅಂತಸ್ತನ್ನು ಅಳೆಯುತ್ತಿದ್ದದ್ದು ಎಕರೆಗಳಿಂದಲ್ಲ, ಅವನ ಒಡೆತನದಲ್ಲಿರುವ ಜೀತದ ಗಂಡಸರ ಸಂಖ್ಯೆಯಿಂದ. ದಾಖಲೆಯಲ್ಲಿ ಅವರನ್ನು ‘ಆತ್ಮ’ಗಳೆಂದು ಬರೆಯುತ್ತಿದ್ದರು. ಸರ್ಕಾರ ಆಗೊಮ್ಮೆ ಈಗೊಮ್ಮೆ ತಲೆ ಎಣಿಕೆ ಮಾಡಿಸುತ್ತಿತ್ತು. ಎರಡು ಎಣಿಕೆಗಳ ನಡುವೆ ಎಷ್ಟೋ ವರ್ಷಗಳು ಹೋಗುತ್ತಿದ್ದವು. ಆ ಅವಧಿಯಲ್ಲಿ ಸತ್ತವರು ಮುಂದಿನ ಎಣಿಕೆಯವರೆಗೂ ಕಾಗದದಲ್ಲಿ ಬದುಕಿರುತ್ತಿದ್ದರು, ಅವರ ತಲೆಗಂದಾಯವನ್ನೂ ಕಟ್ಟಬೇಕಾಗಿತ್ತು. ಹಣ ಬೇಕಾದ ಜಮೀನ್ದಾರ ತನ್ನ ಜನರನ್ನೇ ಸರ್ಕಾರಿ ಸಾಲಸಂಸ್ಥೆಗಳಲ್ಲಿ ಅಡವಿಡಬಹುದಿತ್ತು. ಬಹುತೇಕರು ಹಾಗೆಯೇ ಮಾಡಿದರು. 1861ರಲ್ಲಿ ಜೀತ ರದ್ದಾಗುವ ಹೊತ್ತಿಗೆ ಖಾಸಗಿ ಒಡೆತನದ ಜೀತದಾಳುಗಳಲ್ಲಿ ಸುಮಾರು ಮೂರನೇ ಎರಡು ಭಾಗ ಆಗಲೇ ಅಡಮಾನದಲ್ಲಿದ್ದರು. ಕುಲೀನರ ಪತನಕ್ಕೆ ಚಕ್ರವರ್ತಿ ಎರಡನೇ ಅಲೆಕ್ಸಾಂಡರನ ಘೋಷಣೆಯೇ ಕಾರಣವೆಂದು ಹೇಳುವ ರೂಢಿಯಿದೆ. ಈ ಅಂಕಿಯನ್ನು ನೋಡಿದವರು ಹಾಗೆ ಹೇಳಲಾರರು. ಘೋಷಣೆ ಬರುವ ಹೊತ್ತಿಗೆ ಆ ಮನೆಗಳು ಒಳಗಿನಿಂದ ಖಾಲಿಯಾಗಿದ್ದವು. ಗೊಗೋಲನಿಗೆ ಇದು ಇಪ್ಪತ್ತು ವರ್ಷ ಮೊದಲೇ ಕಂಡಿತ್ತು.

‘ಮೃತ ಆತ್ಮಗಳು’ ಕಾದಂಬರಿಯ ಹೊಳಹನ್ನು ಗೊಗೋಲನಿಗೆ ಕೊಟ್ಟವನು ಪುಷ್ಕಿನ್. ನಾಯಕ ಚಿಚಿಕೋವ್ ಊರೂರು ಸುತ್ತಿ, ಕಾಗದದ ಮೇಲೆ ಮಾತ್ರ ಬದುಕಿರುವ ಸತ್ತ ಜೀತದಾಳುಗಳನ್ನು ಜಮೀನ್ದಾರರಿಂದ ಕೊಳ್ಳುತ್ತಾನೆ. ಅವರನ್ನು ಸಾಲಸಂಸ್ಥೆಯಲ್ಲಿ ತಲೆಗೆ ಇನ್ನೂರು ರೂಬಲ್‌ನಂತೆ ಅಡವಿಟ್ಟು ಹಣವಂತನಾಗುವುದು ಅವನ ಹಂಚಿಕೆ. ಈ ಹಂಚಿಕೆಯನ್ನು ಕೇಳಿದ ಕೂಡಲೇ ಓದುಗ ಚಿಚಿಕೋವ್ ಎಂಬ ವಂಚಕನ ಕಡೆ ನೋಡುತ್ತಾನೆ. ಗೊಗೋಲ್ ಮಾತ್ರ ನಮ್ಮ ಕಣ್ಣನ್ನು ಮಾರುವವರ ಕಡೆಗೆ ತಿರುಗಿಸುತ್ತಾನೆ. ಮನೀಲೋವ್ ಸೌಜನ್ಯದಿಂದ ಕರಗಿಹೋಗಿ ಸತ್ತವರನ್ನು ಪುಕ್ಕಟೆ ಕೊಡುತ್ತಾನೆ, ಪಟ್ಟಿಯನ್ನು ಚೆಂದದ ಅಕ್ಷರದಲ್ಲಿ ಬರೆದು ಗುಲಾಬಿ ಪಟ್ಟಿ ಕಟ್ಟುತ್ತಾನೆ. ತನ್ನ ಎಸ್ಟೇಟಿನಲ್ಲಿ ಎಷ್ಟು ಜನ ಸತ್ತಿದ್ದಾರೆಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ, ಕಾರಭಾರಿಯನ್ನು ಕರೆಸಿ ಕೇಳಬೇಕಾಯಿತು. ಸೊಬಕೇವಿಚ್ ತಲೆಗೆ ನೂರು ರೂಬಲ್ ಕೇಳಿ, ಸತ್ತ ಕುಶಲಕರ್ಮಿಗಳ ಕೈಚಳಕವನ್ನು ಬಾಯಿತುಂಬ ಹೊಗಳಿ, ಎರಡೂವರೆ ರೂಬಲ್‌ಗೆ ಇಳಿಯುತ್ತಾನೆ. ವಿಧವೆ ಕೊರೊಬೊಚ್ಕಳಿಗೆ ಒಂದೇ ಆತಂಕ: ಮಾರುಕಟ್ಟೆಯ ದರ ತಿಳಿಯದೆ ಅಗ್ಗಕ್ಕೆ ಕೊಟ್ಟುಬಿಟ್ಟೆನೋ ಏನೋ! ಸತ್ತವರ ಸದ್ಯದ ಧಾರಣೆ ಎಷ್ಟೆಂದು ವಿಚಾರಿಸಲು ಅವಳು ಪಟ್ಟಣಕ್ಕೆ ಗಾಡಿ ಕಟ್ಟಿಸಿಕೊಂಡು ಬರುತ್ತಾಳೆ. ಚಿಚಿಕೋವನ ಗುಟ್ಟು ರಟ್ಟಾಗುವುದಕ್ಕೆ ಅದೂ ಒಂದು ಕಾರಣವಾಗುತ್ತದೆ. ಪಾಪವೆಂಬ ಭಾವನೆಯಾಗಲಿ ಕಾನೂನಿನ ಭಯವಾಗಲಿ ಅವಳನ್ನು ಪಟ್ಟಣಕ್ಕೆ ತಂದದ್ದಲ್ಲ.

ಈ ನಾಲ್ಕಾರು ಮಂದಿಯ ಸಾಲಿನ ಕೊನೆಯಲ್ಲಿ ಪ್ಲೂಷ್ಕಿನ್ ಇದ್ದಾನೆ. ಸಾವಿರಕ್ಕೂ ಹೆಚ್ಚು ಜೀತದಾಳುಗಳ ಒಡೆಯ. ಅವನ ಉಗ್ರಾಣಗಳು ತುಂಬಿವೆ, ಅಲ್ಲಿನ ಹಿಟ್ಟು ಕಲ್ಲಾಗಿದೆ, ಬಟ್ಟೆ ಮುಟ್ಟಿದರೆ ಪುಡಿಯಾಗುತ್ತದೆ. ಹೀಗಿದ್ದೂ ದಾರಿಯಲ್ಲಿ ಬಿದ್ದ ಕಬ್ಬಿಣದ ಮೊಳೆಯನ್ನೋ ಚಿಂದಿಯನ್ನೋ ಎತ್ತಿ ಮನೆಗೆ ತಂದು ಗುಡ್ಡೆ ಹಾಕುತ್ತಾನೆ. ಅವನ ಜನ ಹಸಿವಿನಿಂದ ಸಾಯುತ್ತಾರೆ, ಇಲ್ಲವೇ ಓಡಿಹೋಗುತ್ತಾರೆ. ಇವನನ್ನು ಬರಿಯ ಜಿಪುಣನೆಂದು ಓದುವವರಿದ್ದಾರೆ. ನನಗೆ ಆ ಓದು ಸಾಲದು. ಜಿಪುಣನಿಗೆ ತನ್ನ ಸಂಪತ್ತು ಎಷ್ಟೆಂದು ಗೊತ್ತಿರುತ್ತದೆ. ಪ್ಲೂಷ್ಕಿನ್‌ಗೆ ಮೊಳೆ ಕಾಣುತ್ತದೆ, ಹಿಟ್ಟಿನ ಕಣಜ ಕಾಣುವುದಿಲ್ಲ. ಎಣಿಸುವ ಅಭ್ಯಾಸ ಉಳಿದು, ಏನನ್ನು ಏಕೆ ಎಣಿಸುತ್ತಿದ್ದೇನೆಂಬ ಅರಿವು ಹೋದಾಗ ಮನುಷ್ಯ ಏನಾಗುತ್ತಾನೆ ಎಂಬುದನ್ನು ಗೊಗೋಲ್ ಇಲ್ಲಿ ಮೊದಲ ಬಾರಿಗೆ ಬರೆದ. ಮುಂದೆ ಸಾಲ್ತಿಕೋವ್ ಕೈಗೆತ್ತಿಕೊಂಡದ್ದು ಇದೇ ಎಳೆಯನ್ನು.

ನಡುವೆ ಗೊಂಚರೋವನ ‘ಒಬ್ಲೊಮೋವ್’ ಇದೆ, 1859ರದು. ಅದರ ಬಗ್ಗೆ ಬಹಳ ಹೇಳಲಾರೆ. ಹಾಸಿಗೆಯಿಂದೇಳಲಾಗದ ಆ ಯಜಮಾನನ ಮೇಲೆ ಗೊಂಚರೋವನಿಗೆ ಇದ್ದ ಮಮತೆ ವಿಡಂಬನೆಯ ಅಲಗನ್ನು ಮೊಂಡಾಗಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಅದೇ ವರ್ಷ ವಿಮರ್ಶಕ ದೊಬ್ರೊಲ್ಯುಬೋವ್ ತನ್ನ ಪ್ರಸಿದ್ಧ ಲೇಖನದಲ್ಲಿ ಒಬ್ಲೊಮೋವನ ಜಡತೆಯನ್ನು ಒಂದು ಇಡೀ ವರ್ಗದ ರೋಗವೆಂದು ಓದಿ ತೋರಿಸಿದ. ಆದರೆ ಕಾದಂಬರಿಯ ‘ಒಬ್ಲೊಮೋವನ ಕನಸು’ ಭಾಗದ ಒಂದು ಪ್ರಸಂಗವನ್ನು ಬಿಟ್ಟು ಮುಂದೆ ಹೋಗುವುದಕ್ಕೆ ಮನಸ್ಸಾಗದು. ಒಬ್ಲೊಮೋವನ ತಂದೆಯ ಹಳ್ಳಿಮನೆಗೆ ಒಂದು ಕಾಗದ ಬರುತ್ತದೆ. ಅದರಲ್ಲಿ ಏನು ಕೆಟ್ಟ ಸುದ್ದಿಯಿದೆಯೋ ಎಂಬ ಭಯಕ್ಕೆ ದಿನಗಟ್ಟಲೆ ಯಾರೂ ಒಡೆಯುವುದಿಲ್ಲ. ಒಡೆದರೆ, ಯಾರೋ ಪರಿಚಿತರು ಬಿಯರ್ ತಯಾರಿಸುವ ವಿಧಾನ ಕೇಳಿದ್ದಾರೆ, ಅಷ್ಟೇ. ಉತ್ತರ ಬರೆಯಬೇಕೆಂದಾಗ ಅಂಚೆಗೆ ನಲವತ್ತು ಕೊಪೆಕ್ ಆಗುತ್ತದೆಂದು ತಿಳಿದು, ಇಂಥ ಅಲ್ಪ ವಿಷಯಕ್ಕೆ ನಲವತ್ತು ಕೊಪೆಕ್ ಚೆಲ್ಲುವುದೇ ಎಂದು ಮುಂದೂಡುತ್ತಾರೆ. ಮುಂದೆ ಮಗ ಒಬ್ಲೊಮೋವನ ಕಾಲದಲ್ಲಿ ಹಳ್ಳಿಯಿಂದ ಇನ್ನೊಂದು ಕಾಗದ ಬರುತ್ತದೆ: ಈ ವರ್ಷದ ಆದಾಯ ಎರಡು ಸಾವಿರ ರೂಬಲ್‌ನಷ್ಟು ಕಡಿಮೆಯಾಗಬಹುದು. ಮಗ ಆ ಕಾಗದ ಹಿಡಿದುಕೊಂಡು ಮಲಗಿರುತ್ತಾನೆ. ನಲವತ್ತು ಕೊಪೆಕ್‌ಗೆ ಮನೆಮಂದಿಯೆಲ್ಲ ತಲೆ ಕೆಡಿಸಿಕೊಂಡ ವಂಶದಲ್ಲಿ ಎರಡು ಸಾವಿರ ರೂಬಲ್ ಏಕೆ ಸೋರಿಹೋಗುತ್ತಿದೆಯೆಂದು ಹೋಗಿ ನೋಡುವವರಿಲ್ಲ.

ಈಗ ಸಾಲ್ತಿಕೋವ್. ಇವನ ಬಗ್ಗೆ ನಿಧಾನವಾಗಿ ಮಾತಾಡಬೇಕು. ಟಾಲ್‌ಸ್ಟಾಯ್, ದಸ್ತಯೇವ್ಸ್ಕಿ, ಚೆಕೋವ್ ನಮ್ಮ ಓದಿಗೆ ಬಂದಷ್ಟು ಇವನು ಬರಲಿಲ್ಲ. ಅದು ನಮಗಾದ ನಷ್ಟವೆಂದೇ ನಾನು ತಿಳಿದಿದ್ದೇನೆ.

ಮಿಖಾಯಿಲ್ ಸಾಲ್ತಿಕೋವ್ ಹುಟ್ಟಿದ್ದು 1826ರಲ್ಲಿ, ತ್ವೇರ್ ಪ್ರಾಂತದ ಸ್ಪಾಸ್-ಉಗೋಲ್ ಎಂಬ ಹಳ್ಳಿಯ ಜಮೀನ್ದಾರಿ ಮನೆಯಲ್ಲಿ. ತಂದೆ ಹಳೆಯ ಕುಲೀನ ವಂಶದವನು, ತಾಯಿ ವ್ಯಾಪಾರಿ ಮನೆತನದವಳು. ಎಸ್ಟೇಟನ್ನು ಬೆಳೆಸಿದವಳು, ಹಳ್ಳಿಗಳ ಮೇಲೆ ಹಳ್ಳಿಗಳನ್ನು ಕೊಂಡವಳು, ಮಕ್ಕಳನ್ನು ಮುದ್ದಿನವರೆಂದೂ ಬೇಡದವರೆಂದೂ ವಿಂಗಡಿಸಿದವಳು ತಾಯಿಯೇ. ಇಪ್ಪತ್ತೆರಡನೆಯ ವಯಸ್ಸಿಗೆ, 1848ರಲ್ಲಿ, ಬರೆದ ಕಥೆಗಳ ಕಾರಣಕ್ಕೆ ಸರ್ಕಾರ ಅವನನ್ನು ದೂರದ ವ್ಯಾತ್ಕಾಕ್ಕೆ ಗಡೀಪಾರು ಮಾಡಿತು. ಅಲ್ಲಿ ಏಳು ವರ್ಷಕ್ಕೂ ಹೆಚ್ಚು ಕಾಲ ಕಚೇರಿ ಕೆಲಸದಲ್ಲಿ ಕಳೆದ. ಬಿಡುಗಡೆಯಾದ ಮೇಲೆ ‘ಷೆದ್ರಿನ್’ ಎಂಬ ಹೆಸರಿನಲ್ಲಿ ಪ್ರಾಂತೀಯ ಆಡಳಿತದ ಚಿತ್ರಗಳನ್ನು ಬರೆದು ಹೆಸರಾದ. ವಿಚಿತ್ರವೆಂದರೆ ಅದೇ ಸರ್ಕಾರ ಅವನನ್ನು ರ್ಯಾಜಾನ್‌ನಲ್ಲೂ ತ್ವೇರ್‌ನಲ್ಲೂ ಉಪರಾಜ್ಯಪಾಲನನ್ನಾಗಿ ಮಾಡಿತು. ಆಮೇಲೆ ಪೆನ್ಜಾ, ತೂಲಾ, ರ್ಯಾಜಾನ್‌ಗಳ ಖಜಾನೆ ಇಲಾಖೆಗೆ ಮುಖ್ಯಸ್ಥನಾಗಿದ್ದ. ಈ ಖಜಾನೆಯ ಕೆಲಸ ಮುಖ್ಯವಾದದ್ದು. ಜಮೀನ್ದಾರರ ಬಾಕಿ, ತೆರಿಗೆ, ಸಾಲ ಎಲ್ಲವೂ ಅವನ ಮೇಜಿನ ಮೇಲೆ ಹಾದುಹೋದವು. ತಾಯಿಯ ಮನೆಯಲ್ಲಿ ಬಾಲ್ಯದಲ್ಲಿ ಕಂಡದ್ದನ್ನು ಅವನು ಸರ್ಕಾರಿ ಕಡತಗಳಲ್ಲಿ ಮತ್ತೆ ಓದಿದ. 1868ರಲ್ಲಿ ನೌಕರಿ ಬಿಟ್ಟು, ಕವಿ ನೆಕ್ರಾಸೋವನ ಜೊತೆ ‘ಒತೇಚೆಸ್ತ್ವೆನ್ನಿಯೆ ಜಾಪಿಸ್ಕಿ’ ಮಾಸಪತ್ರಿಕೆಯನ್ನು ನಡೆಸಿದ. 1884ರಲ್ಲಿ ಸರ್ಕಾರ ಆ ಪತ್ರಿಕೆಯನ್ನೇ ಮುಚ್ಚಿಸಿತು.

1874ರ ಕೊನೆಯಲ್ಲಿ ತಾಯಿ ತೀರಿಕೊಂಡಳು. ಮರುವರ್ಷ, ಆರೋಗ್ಯ ಕೆಟ್ಟು ವಿದೇಶದಲ್ಲಿದ್ದಾಗ, ‘ಕುಟುಂಬದ ನ್ಯಾಯಾಲಯ’ ಎಂಬ ಕಥೆಯನ್ನು ಬರೆದ. ಅದನ್ನು ಓದಿದ ತುರ್ಗೆನೆವ್, ಇದನ್ನೇ ದೊಡ್ಡ ಕಾದಂಬರಿಯಾಗಿ ಬೆಳೆಸಬಾರದೇಕೆ ಎಂದು ಪತ್ರ ಬರೆದ. ಕಥೆಗೆ ಕಥೆ ಸೇರುತ್ತ ಐದು ವರ್ಷಗಳಲ್ಲಿ ‘ಗೊಲೊವ್ಲ್ಯೋವ್ ಕುಟುಂಬ’ ರೂಪುಗೊಂಡಿತು.

ಕಾದಂಬರಿಯ ಮೊದಲ ಪುಟದಲ್ಲೇ ಒಂದು ಲೆಕ್ಕ ತಪ್ಪಿದೆ. ಯಜಮಾನಿ ಅರೀನಾ ಪೆತ್ರೋವ್ನ ಹಿರಿಯ ಮಗ ಸ್ತೆಪಾನನಿಗೆ ಅವನ ಪಾಲೆಂದು ಮಾಸ್ಕೋದಲ್ಲಿ ಹನ್ನೆರಡು ಸಾವಿರ ರೂಬಲ್‌ಗೆ ಒಂದು ಮನೆ ಕೊಟ್ಟಿದ್ದಳು. ಅದು ಸಾಲಕ್ಕಾಗಿ ಎಂಟು ಸಾವಿರಕ್ಕೆ ಹರಾಜಾಗಿಹೋಗಿದೆ. ಸುದ್ದಿ ತಂದ ಕಾರಭಾರಿ ಹೇಳಲಾರದೆ ತಡವರಿಸುತ್ತಾನೆ. ಅರೀನಾ ನಲವತ್ತು ವರ್ಷ ದುಡಿದು ನೂರೈವತ್ತು ಜೀತದಾಳುಗಳ ಎಸ್ಟೇಟನ್ನು ನಾಲ್ಕು ಸಾವಿರಕ್ಕೆ ಏರಿಸಿದವಳು. ಓಡಿಹೋಗಿ ಮದುವೆಯಾದ ಮಗಳಿಗೆ ಐದು ಸಾವಿರ ರೂಬಲ್‌ನ್ನೂ ಮೂವತ್ತು ಜೀತದಾಳುಗಳ ಕುಗ್ರಾಮವನ್ನೂ ಎಸೆದು ಕೈತೊಳೆದುಕೊಂಡವಳು. ಈಗ ಉಳಿದ ಇಬ್ಬರು ಗಂಡುಮಕ್ಕಳನ್ನು ಕರೆಸಿ ಸ್ತೆಪಾನನ ವಿಚಾರಣೆ ನಡೆಸುತ್ತಾಳೆ. ತೀರ್ಪು: ಅವನು ಮನೆಯ ಪಕ್ಕದ ಕಚೇರಿಯಲ್ಲಿ ಬಿದ್ದಿರಲಿ, ಹೊಟ್ಟೆಗಷ್ಟು ಸಿಗುತ್ತದೆ.

ಇಲ್ಲಿ ಸಾಲ್ತಿಕೋವ್ ಬರೆಯುವ ಉಗ್ರಾಣದ ಚಿತ್ರವನ್ನು ನೋಡಬೇಕು. ಸುಗ್ಗಿಯ ಕಾಲ. ಹಳ್ಳಿಗಳಿಂದ ಗಾಡಿಗಳು ಬರುತ್ತಿವೆ. ಅಣಬೆ, ಹಣ್ಣು, ತರಕಾರಿ, ಮುರಬ್ಬ, ಉಪ್ಪು ಹಾಕಿದ ಮಾಂಸ ಎಲ್ಲವೂ ನೆಲಮಾಳಿಗೆಗೆ ಇಳಿಯುತ್ತವೆ. ಅಲ್ಲಿ ಎಷ್ಟೋ ಸರಕು ಹಿಂದಿನ ವರ್ಷದ್ದೇ ಕೊಳೆಯುತ್ತಿದೆ. ಮನೆಯ ನಿಯಮವೆಂದರೆ ಕೆಡುತ್ತಿರುವುದನ್ನು ಮೊದಲು ತಿನ್ನಬೇಕು, ಒಳ್ಳೆಯದನ್ನು ಇಡಬೇಕು. ಹಾಗಾಗಿ ಒಳ್ಳೆಯದೂ ಕೆಡುವವರೆಗೆ ಯಾರ ತಟ್ಟೆಗೂ ಬರುವುದಿಲ್ಲ. ಸ್ತೆಪಾನ್ ಕಚೇರಿಯ ಕಿಟಕಿಯಿಂದ ಆ ಗಾಡಿಗಳನ್ನು ನೋಡುತ್ತಾನೆ, ಆಮೇಲೆ ಅವನ ಮುಂದೆ ಹಳಸಿದ ಊಟ ಬರುತ್ತದೆ. ಅವನು ಕುಡಿದು, ಮಾತು ಬಿಟ್ಟು, ಅಲ್ಲೇ ಸಾಯುತ್ತಾನೆ. ಬಡತನದಿಂದ ಕುಸಿದ ಮನೆಗಳ ಕಥೆ ನಮಗೆಲ್ಲ ಗೊತ್ತಿದೆ. ಇದು ತುಂಬಿದ ಕಣಜದ ಪಕ್ಕದಲ್ಲಿ ಹಸಿದು ಸತ್ತ ಮನೆ. ಲೇಖಕನಿಗೆ ಕೋಪವಿದೆ, ಆದರೆ ಅವನು ಕೂಗುವುದಿಲ್ಲ. ಉಗ್ರಾಣದ ಪಟ್ಟಿಯನ್ನು ನಮ್ಮೆದುರಿಗಿಟ್ಟು ಸುಮ್ಮನಾಗುತ್ತಾನೆ.

ಜೀತ ರದ್ದತಿಯ ಸುದ್ದಿ ಅರೀನಾಳ ಮೊದಲ ಸೋಲು. ಇಬ್ಬರು ಮಕ್ಕಳಿಗೆ ಎಸ್ಟೇಟು ಹಂಚುತ್ತಾಳೆ, ಒಳ್ಳೆಯ ಭಾಗವನ್ನು ಪೊರ್ಫೀರಿಗೆ ಕೊಡುತ್ತಾಳೆ. ಈ ಪೊರ್ಫೀರಿಯೇ ವಿಶ್ವಸಾಹಿತ್ಯದಲ್ಲಿ ಹೆಸರಾದ ‘ಯುದೂಷ್ಕ’, ಅಂದರೆ ಪುಟ್ಟ ಯೂದ. ಆ ಅಡ್ಡಹೆಸರನ್ನು ಅವನಿಗೆ ಅಣ್ಣ ಸ್ತೆಪಾನನೇ ಇಟ್ಟದ್ದು. ಮೂವತ್ತು ವರ್ಷ ಪೀಟರ್ಸ್‌ಬರ್ಗಿನ ಸರ್ಕಾರಿ ಇಲಾಖೆಯಲ್ಲಿ ಕೂತು ಬಂದ ಮನುಷ್ಯ. ಅವನು ಗದರುವುದಿಲ್ಲ, ಹೊಡೆಯುವುದಿಲ್ಲ. ದೇವರ ಹೆಸರು, ನೀತಿಯ ಮಾತು, ‘ಅಮ್ಮಾ’, ‘ತಮ್ಮಾ’ ಎಂಬ ಸಿಹಿ ಕರೆ ಅವನ ಬಾಯಲ್ಲಿ ಬತ್ತುವುದೇ ಇಲ್ಲ. ತಮ್ಮ ಪಾವೆಲ್ ಸಾವಿನ ಹಾಸಿಗೆಯಲ್ಲಿರುವಾಗ ಪಕ್ಕದಲ್ಲಿ ಕೂತು ಸಮಾಧಾನದ ಮಾತಾಡುತ್ತಾನೆ. ಅವನಿಗೆ ಬೇಕಾದದ್ದು ಒಂದೇ, ಉಯಿಲು ಆಗಿದೆಯೋ ಇಲ್ಲವೋ. ಆಗಿಲ್ಲ. ಪಾವೆಲನ ಎಸ್ಟೇಟು ಯುದೂಷ್ಕನದಾಗುತ್ತದೆ. ಪಾವೆಲನ ಮನೆಯಲ್ಲಿದ್ದ ತಾಯಿ ಗಂಟುಮೂಟೆ ಕಟ್ಟಿ ಹೊರಟಾಗ ಅವಳು ಹತ್ತುವ ಗಾಡಿ ಯಾರದೆಂದು ಮಗ ವಿಚಾರಿಸುತ್ತಾನೆ. ನಾಲ್ಕು ಸಾವಿರ ಜನರನ್ನು ಎಣಿಸಿದವಳಿಗೆ ಒಂದು ಗಾಡಿಯ ಲೆಕ್ಕ ಕೇಳಿದ ಈ ಘಳಿಗೆಯಲ್ಲಿ ಅವಳೇ ಕಲಿಸಿದ ಪಾಠ ಅವಳಿಗೆ ತಿರುಗಿ ಬಂದಿತ್ತು.

ಕಾದಂಬರಿಯ ನಡುವಣ ಒಂದು ಅಧ್ಯಾಯ ನನ್ನ ದೃಷ್ಟಿಯಲ್ಲಿ ಇಡೀ ಪರಂಪರೆಯ ಶಿಖರ. ಯುದೂಷ್ಕ ತನ್ನ ಕೋಣೆಯಲ್ಲಿ ಕಾಗದದ ಮೇಲೆ ಅಂಕಿ ಬರೆಯುತ್ತಿದ್ದಾನೆ. ತಾನು ಹುಟ್ಟಿದಾಗ ಅಜ್ಜ ಕೊಟ್ಟ ನೂರು ರೂಬಲ್ ನೋಟನ್ನು ಅಮ್ಮ ತೆಗೆದುಕೊಳ್ಳದೆ ತನ್ನ ಹೆಸರಲ್ಲಿ ಬಡ್ಡಿಗೆ ಇಟ್ಟಿದ್ದರೆ ಇಂದು ಎಷ್ಟಾಗುತ್ತಿತ್ತು? ಎಂಟುನೂರು ರೂಬಲ್ ಎಂದು ಲೆಕ್ಕ ಬರುತ್ತದೆ. ಅದೇ ಅಧ್ಯಾಯದಲ್ಲಿ ಅವನ ಮಗ ಪೆತೆಂಕ ಬರುತ್ತಾನೆ. ಪಡೆಯ ಮೂರು ಸಾವಿರ ರೂಬಲನ್ನು ಜೂಜಿನಲ್ಲಿ ಕಳೆದಿದ್ದಾನೆ, ಕಟ್ಟದಿದ್ದರೆ ಶಿಕ್ಷೆ ಖಂಡಿತ. ಹಿರಿಯ ಮಗ ವೊಲೋದ್ಯ ಆಗಲೇ ಇದೇ ತಂದೆಯ ಸಿಹಿಮಾತಿನ ನಿರಾಕರಣೆಯಿಂದ ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಯುದೂಷ್ಕ ಇಲ್ಲವೆನ್ನುತ್ತಾನೆ. ತಾನೇ ಸಿಕ್ಕಿಸಿಕೊಂಡದ್ದನ್ನು ತಾನೇ ಬಿಡಿಸಿಕೊಳ್ಳಲಿ ಎಂಬ ಧಾಟಿ ಅವನದು. ಮುದುಕಿ ಅರೀನಾ ಎದ್ದು ನಿಂತು ಮಗನಿಗೆ ಶಾಪ ಹಾಕುತ್ತಾಳೆ. ಪೆತೆಂಕ ಗಡೀಪಾರಿನ ದಾರಿಯಲ್ಲಿ ಸಾಯುತ್ತಾನೆ. ಎಂದೂ ಬಾರದ ಎಂಟುನೂರನ್ನು ಕೂಡಿಸಿ ಗುಣಿಸಿದ ಕೈ, ಕಣ್ಣೆದುರು ನಿಂತ ಮಗನಿಗಾಗಿ ಪೆಟ್ಟಿಗೆಯ ಬೀಗ ತೆಗೆಯಲಿಲ್ಲ.

ಮುಂದೆ ಯುದೂಷ್ಕ ಒಂಟಿಯಾಗುತ್ತಾನೆ. ಮನೆಯ ಕೆಲಸದ ಯೆವ್‌ಪ್ರಾಕ್ಸೆಯಳಲ್ಲಿ ಹುಟ್ಟಿದ ಮಗುವನ್ನು ಮಾಸ್ಕೋದ ಅನಾಥಾಲಯಕ್ಕೆ ಕಳಿಸಿಬಿಟ್ಟಿದ್ದಾನೆ. ಅದುವರೆಗೆ ತಲೆತಗ್ಗಿಸಿದ್ದ ಆ ಹೆಂಗಸು ಎದುರು ಮಾತಾಡತೊಡಗುತ್ತಾಳೆ. ಕೇಳುವವರಿಲ್ಲದೆ ಅವನ ಮಾತಿನ ಜಾಲ ಹರಿಯುತ್ತದೆ. ಅವನು ಕೋಣೆಯೊಳಗೆ ಸೇರಿಕೊಂಡು ಕಲ್ಪನೆಯ ಲೆಕ್ಕ ಮಾಡುತ್ತಾನೆ. ಸುತ್ತಲಿನ ಎಲ್ಲರ ಹಸುಗಳೂ ರೋಗ ಬಂದು ಸತ್ತು, ತನ್ನವು ಮಾತ್ರ ಉಳಿದರೆ, ಹಾಲಿನ ಬೆಲೆ ಎಷ್ಟಕ್ಕೇರುತ್ತದೆ, ತನಗೆ ಎಷ್ಟು ಲಾಭ? ಪುಟಗಟ್ಟಲೆ ಅಂಕಿಗಳು. ಹೊರಗೆ ನಿಜವಾದ ಎಸ್ಟೇಟು ಹಾಳಾಗುತ್ತಿದೆ. ಜೀತ ಹೋದ ಮೇಲೆ ಈ ವರ್ಗಕ್ಕೆ ಉಳಿದದ್ದು ಇನ್ನೊಬ್ಬರ ನಷ್ಟವನ್ನು ತನ್ನ ಲಾಭವಾಗಿ ಕಲ್ಪಿಸುವ ಶಕ್ತಿಯೊಂದೇ. ಚಿಚಿಕೋವ್ ಸತ್ತ ಮನುಷ್ಯರನ್ನು ಕೊಂಡಿದ್ದ. ಯುದೂಷ್ಕ ಇನ್ನೂ ಸಾಯದ ಹಸುಗಳನ್ನು ಸಾಯಿಸಿ ಜಮಾ ಬರೆದುಕೊಳ್ಳುತ್ತಾನೆ.

ಇದರಲ್ಲಿ ನಗುವೆಲ್ಲಿದೆ, ಇದನ್ನು ವಿಡಂಬನೆ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಸಾಲ್ತಿಕೋವನಿಗೆ ನಗಿಸಲು ಬರುತ್ತಿತ್ತು. 1869–70ರಲ್ಲಿ ಬಂದ ‘ಒಂದು ಪಟ್ಟಣದ ಚರಿತ್ರೆ’ಯಲ್ಲಿ ತಲೆಯ ಜಾಗದಲ್ಲಿ ಯಂತ್ರವಿರುವ ಆಡಳಿತಗಾರನಿದ್ದಾನೆ. ಗೊಲೊವ್ಲ್ಯೋವ್ ಮನೆಯನ್ನು ಬರೆಯುವಾಗ ಆ ಅತಿಶಯವನ್ನು ಅವನು ಕೈಬಿಟ್ಟ. ಆಡುವ ಮಾತಿಗೂ ಮಾಡುವ ಲೆಕ್ಕಕ್ಕೂ ನಡುವಿನ ಕಂದಕವನ್ನು ತೋರಿಸುವುದೇ ವಿಡಂಬನೆಯ ಜೀವಾಳವೆಂದು ನಾನು ನಂಬುತ್ತೇನೆ. ನಗು ಅದರ ಒಂದು ಫಲ ಮಾತ್ರ, ಇನ್ನೊಂದು ಫಲ ಭಯ. ಯುದೂಷ್ಕನ ಮಾತಿನಲ್ಲಿ ಒಂದೂ ಕೆಟ್ಟ ಪದವಿಲ್ಲ, ಅವನ ಮನೆಯಲ್ಲಿ ಒಬ್ಬರೂ ಬದುಕಿ ಉಳಿಯುವುದಿಲ್ಲ. ಅದನ್ನು ಓದಿದ ಮೇಲೆ ಸಿಹಿಯಾದ ಧರ್ಮದ ಮಾತು ಕಿವಿಗೆ ಬಿದ್ದಾಗಲೆಲ್ಲ ಅದರ ಹಿಂದಿನ ಲೆಕ್ಕ ಯಾವುದೆಂದು ಹುಡುಕುವ ಎಚ್ಚರ ಓದುಗನಲ್ಲಿ ಉಳಿಯುತ್ತದೆ.

ಪತನದ ಕಥೆಗಳಿಗೆ ಇನ್ನೊಂದು ಸೆಳೆತವಿದೆ, ಮರುಕದ ಸೆಳೆತ. ಚೆಕೋವ್ ‘ಚೆರ್ರಿ ತೋಟ’ವನ್ನು ಹಾಸ್ಯನಾಟಕವೆಂದೇ ಕರೆದಿದ್ದ. 1904ರಲ್ಲಿ ಸ್ತಾನಿಸ್ಲಾವ್ಸ್ಕಿ ಅದನ್ನು ದುರಂತದ ಛಾಯೆಯಲ್ಲಿ ರಂಗಕ್ಕೆ ತಂದದ್ದು ಅವನಿಗೆ ಒಪ್ಪಿಗೆಯಾಗಲಿಲ್ಲ. ಅಡಮಾನದ ಸಾಲದ ಮೇಲೆ ತೊಂಬತ್ತು ಸಾವಿರ ಕೂಗಿ ತೋಟ ಕೊಂಡ ಲೊಪಾಖಿನ್, ಅದೇ ಎಸ್ಟೇಟಿನಲ್ಲಿ ಜೀತದಲ್ಲಿದ್ದವರ ಮಗ ಮತ್ತು ಮೊಮ್ಮಗ. ಪ್ರೇಕ್ಷಕರ ಕಣ್ಣೀರು ತೋಟ ಕಳೆದುಕೊಂಡವರಿಗೇ ಹೋಗುತ್ತದೆ. ಮಹಲಿನ ದೀಪ ಆರುವುದು ನೋಡಲು ಸುಂದರವಾದ ದೃಶ್ಯ. ಸಾಲ್ತಿಕೋವ್ ಆ ಸೌಂದರ್ಯವನ್ನು ನಿರಾಕರಿಸಿದ. ತನ್ನ ತಾಯಿಯ, ಅಣ್ಣನ ಮುಖಗಳನ್ನೇ ಮಾದರಿಯಾಗಿಟ್ಟುಕೊಂಡು ಬರೆದವನಿಗೆ ಮರುಕಕ್ಕೆ ಎಲ್ಲರಿಗಿಂತ ಹೆಚ್ಚು ಕಾರಣವಿತ್ತು. ಹಾಗೆಂದು ಅವನಲ್ಲಿ ಕರುಣೆಯೇ ಇಲ್ಲವೆನ್ನಲಾಗದು. ಕೊನೆಯ ಅಧ್ಯಾಯದಲ್ಲಿ ಪ್ರಾಂತೀಯ ರಂಗಭೂಮಿಯಲ್ಲಿ ಹಾಳಾಗಿ, ರೋಗಿಯಾಗಿ ಮರಳಿದ ಸೋದರಿಯ ಮಗಳು ಆನ್ನಿಂಕ ಈ ಮನೆಯಲ್ಲಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಯುದೂಷ್ಕನ ಮುಂದೆ ಎತ್ತುತ್ತಾಳೆ. ಜೀವನದಲ್ಲಿ ಮೊದಲ ಸಲ ಅವನು ನಿಜವಾದ ಲೆಕ್ಕವೊಂದನ್ನು ಕೇಳಿಸಿಕೊಳ್ಳುತ್ತಾನೆ. ಮಾರ್ಚ್ ತಿಂಗಳ ಹಿಮಗಾಳಿಯ ರಾತ್ರಿ ತಾಯಿಯ ಸಮಾಧಿಯತ್ತ ಹೊರಟು ದಾರಿಯಲ್ಲೇ ಹೆಪ್ಪುಗಟ್ಟಿ ಸಾಯುತ್ತಾನೆ. ಸಾಲ್ತಿಕೋವ್ ಕಾದಂಬರಿಯನ್ನು ಅಲ್ಲಿಗೂ ನಿಲ್ಲಿಸುವುದಿಲ್ಲ. ಗೊಲೊವ್ಲ್ಯೋವ್ ಮನೆಯ ಮೇಲೆ ಆಗಲೇ ಕಣ್ಣಿಟ್ಟಿದ್ದ ಸಂಬಂಧಿಕಳೊಬ್ಬಳಿಗೆ ಸುದ್ದಿ ಮುಟ್ಟಿಸಲು ಕುದುರೆ ಸವಾರನೊಬ್ಬ ಓಡುತ್ತಾನೆ.

ಇಷ್ಟನ್ನು ಮೆಚ್ಚಿ ಹೇಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಆ ನಾಲ್ಕು ಸಾವಿರ ಜನ ಈ ಕಾದಂಬರಿಯಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕಾರಭಾರಿ, ಅಡುಗೆಯವಳು, ಗಾಡಿ ಹೊಡೆಯುವವನು ಬಂದು ಹೋಗುತ್ತಾರೆ. ಉಗ್ರಾಣ ತುಂಬಿಸಿದವರ ಮನೆಯೊಳಗೆ ಕಥೆ ಕಾಲಿಡುವುದಿಲ್ಲ. ಸಾಲ್ತಿಕೋವನಿಗೆ ಇದು ಗೊತ್ತಿತ್ತೆಂದು ನನಗೆ ಅನ್ನಿಸುತ್ತದೆ. ಸಾಯುವ ಮೊದಲಿನ ವರ್ಷಗಳಲ್ಲಿ ಬರೆದ ‘ಪೊಷೆಖೋನ್ಯೆಯ ಹಳೆಯ ಕಾಲ’ದಲ್ಲಿ ತನ್ನ ಬಾಲ್ಯದ ಜೀತದಾಳುಗಳ ಬಾಳನ್ನು ಒಬ್ಬೊಬ್ಬರಾಗಿ, ಹೆಸರು ಹೇಳಿ ಬರೆದ. ಇವೆರಡನ್ನೂ ಜೊತೆಗಿಟ್ಟು ಓದಬೇಕೆಂದು ಇಲ್ಲಿರುವ ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ. ಯಾರಾದರೂ ಅವನ್ನು ಒಳ್ಳೆಯ ಕನ್ನಡಕ್ಕೆ ತಂದರೆ ಈ ದತ್ತಿ ಉಪನ್ಯಾಸಕ್ಕೆ ಅದಕ್ಕಿಂತ ದೊಡ್ಡ ಗೌರವ ಬೇರೆಯಿಲ್ಲ.

ಓದುವಾಗ ಕಾದಂಬರಿಗಳಾಚೆಗಿನ ಒಂದು ಲೆಕ್ಕ ನಿಮ್ಮ ಪಕ್ಕದಲ್ಲಿರಲಿ. 1861ರ ಕಾನೂನಿನಂತೆ ರೈತನಿಗೆ ಬಿಟ್ಟ ಭೂಮಿಗೆ ಜಮೀನ್ದಾರನಿಗೆ ಪರಿಹಾರ ಸಿಕ್ಕಿತು. ಸರ್ಕಾರ ಆ ಪರಿಹಾರದ ದೊಡ್ಡ ಪಾಲನ್ನು ಜಮೀನ್ದಾರರ ಹಳೆಯ ಅಡಮಾನ ಸಾಲಕ್ಕೆ ಮುರಿದುಕೊಂಡಿತು. ಆ ಪರಿಹಾರದ ಮೊತ್ತವನ್ನು ಬಡ್ಡಿಸಮೇತ ನಲವತ್ತೊಂಬತ್ತು ವರ್ಷಗಳಲ್ಲಿ ಹಿಂದಿರುಗಿಸಬೇಕಾದವನು ರೈತ. ಸಾಲ್ತಿಕೋವ್ 1889ರಲ್ಲಿ ತೀರಿಕೊಂಡಾಗಲೂ ಆ ಕಂತುಗಳು ನಡೆಯುತ್ತಿದ್ದವು. 1905ರ ಕ್ರಾಂತಿಯ ಒತ್ತಡಕ್ಕೆ ಸರ್ಕಾರ ಮಣಿದು, 1906ರಲ್ಲಿ ಕಂತನ್ನು ಅರ್ಧಕ್ಕಿಳಿಸಿ, 1907ರ ಜನವರಿ 1ರಿಂದ ವಸೂಲಿಯನ್ನು ನಿಲ್ಲಿಸಿತು.